ಲೆಕ್ಕಕ್ಕೆ ಬಾರದ ಬಾಬ್ತು

2018ರ ಡಿಸೆಂಬರಿನಲ್ಲಿ ಐಸಿಸಿ ಕಡೆಯಿಂದ ಒಂದು ಚಿಕ್ಕ ಸುದ್ದಿ ಬಂತು. ನೀವು ನೋಡಿರ್ತೀರಿ, ಇಲ್ಲಾ ಹೆಬ್ಬೆರಳಲ್ಲಿ ತಳ್ಳಿ ಮುಂದೆ ಹೋಗಿರ್ತೀರಿ. ಪಾಕಿಸ್ತಾನದ ಕ್ರಿಕೆಟ್ ಬೋರ್ಡು ನಮ್ಮ ಬಿಸಿಸಿಐ ಮೇಲೆ ಹಾಕಿದ್ದ ಕೇಸು ಅದರ ಹಿಂದಿನ ತಿಂಗಳು 20ಕ್ಕೆ ಬಿದ್ದುಹೋಯ್ತಲ್ಲ, ಅದರ ಖರ್ಚಿನ ತೀರ್ಮಾನ. ಬಿಸಿಸಿಐ ತೋರಿಸಿದ ಖರ್ಚಿನಲ್ಲಿ ನೂರಕ್ಕೆ 60 ಭಾಗವನ್ನು ಪಾಕಿಸ್ತಾನದ ಬೋರ್ಡೇ ಕಟ್ಟಿಕೊಡಬೇಕಂತೆ. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಪಟಾಕಿ ಹಾರಿದವು. ನಾನೂ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದೆ.

ಆಮೇಲೆ ಊಟದ ಹೊತ್ತಿಗೆ 2014ರ ಅಕ್ಟೋಬರ್ ನೆನಪಾಯ್ತು. ಆಗಲೂ ಆಡದೇ ಉಳಿದ ಪಂದ್ಯಗಳ ಜಗಳವೇ. ಆದರೆ ಆಗ ದುಡ್ಡು ಕೇಳ್ತಾ ಇದ್ದವರು ನಾವು. ಆ ಪಂದ್ಯಗಳಲ್ಲಿ ಒಂದು ಬೆಂಗಳೂರಿಗೆ ಬರಬೇಕಿತ್ತು. ಅದನ್ನು ನೋಡೋಕೆ ನಮ್ಮ ಚಿಕ್ಕಪ್ಪ ಹೊಸದುರ್ಗದಿಂದ ಬರಬೇಕಿತ್ತು.

ನಮ್ಮ ಚಿಕ್ಕಪ್ಪನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೊಸದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಮೂರೆಕರೆ ಅಡಿಕೆ, ಒಂದಿಷ್ಟು ತೆಂಗು. ಅವರು ಶಾಲೆ ಹುಡುಗನಾಗಿದ್ದಾಗ, 1974ರ ನವೆಂಬರಿನಲ್ಲಿ, ಬೆಂಗಳೂರಿನ ಹೊಸ ಸ್ಟೇಡಿಯಮ್ಮಿನಲ್ಲಿ ಮೊದಲನೇ ಟೆಸ್ಟ್ ನಡೀತು. ಬಂದವರು ವೆಸ್ಟ್ ಇಂಡೀಸಿನವರು. ಆ ಮ್ಯಾಚಿನಲ್ಲಿ ಇಬ್ಬರು ಹೊಸಬರು ಮೊದಲ ಸಲ ಟೆಸ್ಟ್ ಆಡಿದರು. ಒಬ್ಬ ಗಾರ್ಡನ್ ಗ್ರೀನಿಜ್, ಮೊದಲ ಸರದಿಯಲ್ಲಿ 93, ಎರಡನೆಯದರಲ್ಲಿ 107. ಇನ್ನೊಬ್ಬ 4 ಮತ್ತು 3 ಹೊಡೆದು ಎರಡೂ ಸಲ ನಮ್ಮ ಚಂದ್ರಶೇಖರ್ ಕೈಯಲ್ಲಿ ಔಟಾದ. ಅವನ ಹೆಸರು ವಿವಿಯನ್ ರಿಚರ್ಡ್ಸ್. ಚಿಕ್ಕಪ್ಪ ಇದನ್ನೆಲ್ಲ ಪಕ್ಕದ ಮನೆ ಟ್ರಾನ್ಸಿಸ್ಟರಿನಲ್ಲಿ ಕೇಳಿಸಿಕೊಂಡರು. ಕ್ಲೈವ್ ಲಾಯ್ಡ್ 163 ಹೊಡೆದು ನಮ್ಮೋರನ್ನು ಚೆಂಡಾಡಿದ್ದು, ನಾವು 267 ರನ್ನಿನಿಂದ ಸೋತದ್ದು ಅವರಿಗೆ ಅಷ್ಟಾಗಿ ಬೇಕಿಲ್ಲ. ರಿಚರ್ಡ್ಸ್ ಮುಂದೆ ಜಗತ್ತನ್ನೇ ಆಳಿದ, ಆದರೆ ಮೊದಲ ಮ್ಯಾಚಿನಲ್ಲಿ ಅವನಿಗೆ ಚಂದ್ರನ ಚೆಂಡು ತಿಳೀಲಿಲ್ಲ. ಈ ಒಂದು ವಿಷಯವನ್ನು ನಲವತ್ತು ವರ್ಷ ಹೇಳಿಕೊಂಡು ಬಂದಿದ್ದಾರೆ. ಮದುವೆ ಮನೆಯಲ್ಲಿ, ಸೊಸೈಟಿ ಕಟ್ಟೆ ಮೇಲೆ, ಒಂದು ಸಲ ತಿಥಿ ಊಟದಲ್ಲಿ ಕೂಡ.

1978ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸು ಮತ್ತೆ ಬೆಂಗಳೂರಿಗೆ ಬಂತು. ಅದರ ಕೊನೇ ದಿನದ ಆಟ ನಡೀಲೇ ಇಲ್ಲ. ಯಾಕೆ ಗೊತ್ತಾ? ನಮ್ಮ ಪಕ್ಕದ ಚಿಕ್ಕಮಗಳೂರಿನಿಂದ ಆಗಷ್ಟೇ ಗೆದ್ದು ಲೋಕಸಭೆಗೆ ಹೋಗಿದ್ದ ಇಂದಿರಾ ಗಾಂಧಿಯವರನ್ನು ಸದನದಿಂದ ಹೊರಹಾಕಿ ಜೈಲಿಗೆ ಕಳಿಸಿದರು. ಊರೂರಲ್ಲಿ ಗಲಾಟೆ. ಆಟ ನಿಂತಿತು. ಅದಾದ ಮೇಲೆ ವೆಸ್ಟ್ ಇಂಡೀಸಿನವರು ಎಷ್ಟೋ ಸಲ ಭಾರತಕ್ಕೆ ಬಂದರು, ಆದರೆ ಬೆಂಗಳೂರಿನಲ್ಲಿ ಟೆಸ್ಟ್ ಆಡಲಿಲ್ಲ. 36 ವರ್ಷ.

ಹಾಗಾಗಿ 2014ರಲ್ಲಿ ವೇಳಾಪಟ್ಟಿ ಬಂದು, ನವೆಂಬರ್ 7ರಿಂದ ಬೆಂಗಳೂರಿನಲ್ಲಿ ಎರಡನೇ ಟೆಸ್ಟ್ ಅಂತ ಓದಿದಾಗ ನಾನು ಮೊದಲು ಫೋನ್ ಮಾಡಿದ್ದು ಚಿಕ್ಕಪ್ಪನಿಗೆ. ನವೆಂಬರ್ ಅಂದ್ರೆ ಅಡಿಕೆ ಕೊಯ್ಲು, ಬೇಯಿಸೋದು, ಒಣಗಿಸೋದು. ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. "ನೋಡಣ ತಡಿ" ಅಂದರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ, "ತೋಟನ ಈ ಸಲ ಖೇಣಿ ಕೊಟ್ಬಿಟ್ಟೆ ಕಣಪ್ಪ. ಎಷ್ಟು ದಿನ ಆಡ್ತಾರೆ? ಐದೂ ದಿನ ಇರ್ಬೋದಾ ನಿಮ್ಮನೇಲಿ?" ಅಂದರು.

ಸಿಟಿಯಲ್ಲಿ ಹುಟ್ಟಿ ಬೆಳೆದವರಿಗೆ ಖೇಣಿ ಅಂದ್ರೇನು ಅಂತ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಫಸಲು ಇನ್ನೂ ಮರದ ಮೇಲೆ ಇರುವಾಗಲೇ ಖೇಣಿದಾರ ಬಂದು, ಗೊನೆ ನೋಡಿ, ಅಂದಾಜು ಹಾಕಿ ಒಂದು ರೇಟು ಮಾತಾಡ್ತಾನೆ. ಅಡ್ವಾನ್ಸು ಕೊಟ್ಟ ಮೇಲೆ ಆ ವರ್ಷದ ಅಡಿಕೆ ಅವನದು. ಕೊಯ್ಯೋದು, ಸುಲಿಸೋದು, ಬೇಯಿಸೋದು, ಲಾಭ ನಷ್ಟ ಎಲ್ಲಾ ಅವನ ಪಾಡು. ಮನೇಲೇ ಮಾಡಿಕೊಂಡರೆ ನಾಲ್ಕು ಕಾಸು ಜಾಸ್ತಿ ಉಳಿಯುತ್ತೆ. ಆದ್ದರಿಂದ ನಮ್ಮ ಚಿಕ್ಕಪ್ಪ ಯಾವತ್ತೂ ಖೇಣಿ ಕೊಟ್ಟವರಲ್ಲ. ಆ ವರ್ಷ ಕೊಟ್ಟರು. ಐದು ದಿನದ ಕ್ರಿಕೆಟ್ಟಿಗೋಸ್ಕರ.

ಅಕ್ಟೋಬರ್ 17. ಧರ್ಮಶಾಲಾದಲ್ಲಿ ನಾಲ್ಕನೇ ಏಕದಿನ ಪಂದ್ಯ. ಟಾಸಿಗೆ ನಾಯಕ ಡ್ವೇನ್ ಬ್ರಾವೊ ಒಬ್ಬನೇ ಬರಲಿಲ್ಲ, ಇಡೀ ಟೀಮನ್ನು ಹಿಂದೆ ನಿಲ್ಲಿಸಿಕೊಂಡು ಬಂದ. ಆಫೀಸಿನ ಕೆಫೆಟೇರಿಯಾದ ಟಿವಿಯಲ್ಲಿ ನೋಡ್ತಿದ್ದ ನಮಗೆ ಅದೇನೋ ಶೋಕಿ ಅನ್ನಿಸಿತು. ಸಂಜೆಯೊಳಗೆ ಸುದ್ದಿ ಬಂತು: ಟೂರು ಇಲ್ಲಿಗೇ ಮುಗೀತು, ವೆಸ್ಟ್ ಇಂಡೀಸಿನವರು ಮನೆಗೆ ಹೋಗ್ತಾರೆ. ಕೋಲ್ಕತ್ತಾದ ಏಕದಿನ, ಕಟಕ್‌ನ ಟಿ-20, ಹೈದರಾಬಾದ್, ಬೆಂಗಳೂರು, ಅಹಮದಾಬಾದಿನ ಮೂರು ಟೆಸ್ಟು, ಎಲ್ಲಾ ರದ್ದು.

ಬಿಟ್ಟು ಹೋದವರನ್ನು ಬೈಯೋದು ಸುಲಭ. ನಾನೂ ಆವತ್ತು ಬೈದೆ. ಆಮೇಲೆ ಓದಿಕೊಂಡಾಗ ಅವರ ಕಥೆ ನಮ್ಮ ಇಂಡಸ್ಟ್ರಿಯವರಿಗೆ ಚೆನ್ನಾಗೇ ಅರ್ಥವಾಗುವಂಥದ್ದು ಅನ್ನಿಸಿತು. ಹೀಗೆ ಅಂದುಕೊಳ್ಳಿ. ನಿಮ್ಮನ್ನು ಮೂರು ತಿಂಗಳಿಗೆ ಆನ್‌ಸೈಟ್ ಕಳಿಸ್ತಾರೆ. ಕ್ಲೈಂಟಿನ ಊರಿಗೆ ಹೋಗಿ ಇಳಿದ ಮೇಲೆ ಒಂದು ಮೇಲ್ ಬರುತ್ತೆ: ನಿಮ್ಮ ಭತ್ಯೆಯ ಪದ್ಧತಿ ಬದಲಾಗಿದೆ, ನಿಮ್ಮ ಪರವಾಗಿ ನಿಮ್ಮ ಸಂಘದ ಅಧ್ಯಕ್ಷರು ಸಹಿ ಹಾಕಿದ್ದಾರೆ, ಅಭಿನಂದನೆಗಳು. ವೆಸ್ಟ್ ಇಂಡೀಸಿನಲ್ಲಿ ಆಗಿದ್ದು ಹೆಚ್ಚೂ ಕಡಿಮೆ ಇದೇ. ಆಟಗಾರರ ಸಂಘಕ್ಕೆ ವೇವೆಲ್ ಹೈಂಡ್ಸ್ ಅಧ್ಯಕ್ಷ, ಬೋರ್ಡಿಗೆ ಡೇವ್ ಕ್ಯಾಮರಾನ್ ಅಧ್ಯಕ್ಷ. ಇಬ್ಬರೂ ಸೇರಿ ಸೆಪ್ಟೆಂಬರಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅಂತಾರಾಷ್ಟ್ರೀಯ ಆಟಗಾರರಿಗೆ ಹೋಗ್ತಿದ್ದ ಪ್ರಾಯೋಜಕರ ಹಣದಲ್ಲಿ ಪಾಲು ತೆಗೆದು ದ್ವೀಪಗಳ ದೇಶೀ ಆಟಗಾರರಿಗೆ ಸಂಬಳ ಕೊಡೋದು ಉದ್ದೇಶ. ಉದ್ದೇಶ ಕೆಟ್ಟದ್ದೇನಲ್ಲ, ನಮ್ಮ ರಣಜಿ ಹುಡುಗರಿಗೂ ಅಂಥದ್ದು ಬೇಕು. ಆದರೆ ಯಾರ ಜೇಬಿನಿಂದ ತೆಗೀಬೇಕೋ ಅವರನ್ನು ಕೇಳಲಿಲ್ಲ. ಆದಾಯದಲ್ಲಿ ನೂರಕ್ಕೆ 75ರವರೆಗೂ ಕಡಿತ ಆಗುತ್ತೆ ಅಂತ ಆಟಗಾರರು ದೂರಿದರು. ಅಕ್ಟೋಬರ್ 8ರ ಕೊಚ್ಚಿ ಪಂದ್ಯದ ಹಿಂದಿನ ದಿನವೇ ಅಭ್ಯಾಸಕ್ಕೆ ಹೋಗದೆ ಕೂತರು. ಹೇಗೋ ಒಪ್ಪಿಸಿ ಆಡಿಸಿದರು. ಆ ತಲೆಬಿಸಿಯಲ್ಲೇ ಅವರು ನಮ್ಮನ್ನು 124 ರನ್ನಿನಿಂದ ಹೊಡೆದರು ಅನ್ನೋದು ಬೇರೆ ಮಾತು. ಬ್ರಾವೊ ಮೇಲಿಂದ ಮೇಲೆ ಪತ್ರ ಬರೆದ. ಉತ್ತರ ಬಂತು, ಪರಿಹಾರ ಬರಲಿಲ್ಲ.

ಮಧ್ಯದಲ್ಲಿ ಇನ್ನೊಂದು ಪಂದ್ಯವೂ ಹೋಗಿತ್ತು. ಅಕ್ಟೋಬರ್ 14ಕ್ಕೆ ವಿಶಾಖಪಟ್ಟಣದಲ್ಲಿ ಮೂರನೇ ಏಕದಿನ ಇರಬೇಕಿತ್ತು. ಎರಡು ದಿನ ಮುಂಚೆ ಹುದ್‌ಹುದ್ ಚಂಡಮಾರುತ ಆ ಊರನ್ನೇ ಬಡಿದು ಹಾಕಿತು. ಆ ಪಂದ್ಯಕ್ಕೆ ಯಾರೂ ಯಾರ ಮೇಲೂ ಕ್ಲೇಮು ಹಾಕಲಿಲ್ಲ. ಗಾಳಿಗೆ ನೋಟಿಸ್ ಕೊಡೋಕಾಗಲ್ಲವಲ್ಲ.

ಗಾಳಿಗೆ ಕೊಡದ ನೋಟಿಸನ್ನು ವೆಸ್ಟ್ ಇಂಡೀಸ್ ಬೋರ್ಡಿಗೆ ಕೊಟ್ಟರು. ಅಕ್ಟೋಬರ್ 21ಕ್ಕೆ ಹೈದರಾಬಾದಿನಲ್ಲಿ ಬಿಸಿಸಿಐ ಕಾರ್ಯಕಾರಿ ಸಮಿತಿ ಸೇರಿ, ವೆಸ್ಟ್ ಇಂಡೀಸ್ ಜೊತೆ ಇನ್ನು ಟೂರೇ ಬೇಡ, ಕಾನೂನು ಕ್ರಮ ತಗೊಳ್ಳೋದು ಅಂತ ತೀರ್ಮಾನಿಸಿತು. ತಿಂಗಳ ಕೊನೆಗೆ ಕಾರ್ಯದರ್ಶಿ ಸಂಜಯ್ ಪಟೇಲ್ ಅವರ ಪತ್ರ ಹೋಯ್ತು. ಕೇಳಿದ್ದು 4 ಕೋಟಿ 19 ಲಕ್ಷ 70 ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ 250 ಕೋಟಿ ರೂಪಾಯಿಗೂ ಮೇಲೆ. ಹೇಗೆ ಕೊಡ್ತೀರಿ ಅನ್ನೋದನ್ನ 15 ದಿನದಲ್ಲಿ ತಿಳಿಸಿ, ಇಲ್ಲಾಂದ್ರೆ ಭಾರತದ ಕೋರ್ಟಿನಲ್ಲಿ ನೋಡ್ಕೋತೀವಿ ಅಂತ. ಅಷ್ಟು ದುಡ್ಡು ಕೊಡಬೇಕೆಂದರೆ ಆ ಬೋರ್ಡು ಬಾಗಿಲು ಹಾಕಬೇಕಿತ್ತು.

ಈ ಮೊತ್ತದಲ್ಲಿ ಬಹುಪಾಲು ಟಿವಿ ಪ್ರಸಾರದ ನಷ್ಟ. ಉಳಿದದ್ದು ಪ್ರಾಯೋಜಕರದ್ದು, ಗೇಟಿನದ್ದು ಇತ್ಯಾದಿ. ಈಗ ಖೇಣಿಗೆ ವಾಪಸ್ ಬನ್ನಿ. 2012ರಲ್ಲಿ ಸ್ಟಾರ್ ಇಂಡಿಯಾ 3,851 ಕೋಟಿ ರೂಪಾಯಿಗೆ ಬಿಸಿಸಿಐ ತೋಟವನ್ನು 2018ರ ಮಾರ್ಚ್‌ವರೆಗೆ ಖೇಣಿ ಹಿಡೀತು. 96 ಪಂದ್ಯ, ಭಾಗಿಸಿದರೆ ಪಂದ್ಯಕ್ಕೆ ಸರಾಸರಿ 40 ಕೋಟಿ. ಗೊನೆ ಎಣಿಸಿದ ಹಾಗೇ ಪಂದ್ಯ ಎಣಿಸಿದರು. ಗೊನೆ ಕಡಿಮೆ ಬಿದ್ದರೆ ಖೇಣಿದಾರ ಮಾಲೀಕನನ್ನು ಕೇಳ್ತಾನೆ. ಮಾಲೀಕ, ಕೊಯ್ಯೋಕೆ ಬರ್ತೀನಿ ಅಂತ ಹೇಳಿ ಅರ್ಧಕ್ಕೇ ದೋಟಿ ಇಟ್ಟು ಹೋದವನನ್ನು ಹಿಡ್ಕೋತಾನೆ. ಇಷ್ಟೇ ವ್ಯವಹಾರ. ತಪ್ಪಿಲ್ಲ.

ಆದರೆ ನಾನು ಎಂಜಿನಿಯರ್, ಲೆಕ್ಕ ಟ್ಯಾಲಿ ಆಗ್ಲಿಲ್ಲ ಅಂದ್ರೆ ನಿದ್ದೆ ಬರಲ್ಲ. ವೆಸ್ಟ್ ಇಂಡೀಸ್ ಬಿಟ್ಟು ಹೋದದ್ದರಿಂದ ಹೋದ ಪಂದ್ಯ ಎಷ್ಟು? ಏಕದಿನ 1, ಟಿ-20 1, ಟೆಸ್ಟ್ 3, ಒಟ್ಟು 5. ಎರಡೇ ವಾರದಲ್ಲಿ ಬಿಸಿಸಿಐ ಶ್ರೀಲಂಕಾದವರನ್ನು ಎಬ್ಬಿಸಿಕೊಂಡು ಬಂತು. ಅವರು ಆಡಿದ್ದು 5 ಏಕದಿನ. ಕಟಕ್, ಅಹಮದಾಬಾದ್, ಹೈದರಾಬಾದ್, ಕೋಲ್ಕತ್ತಾ, ರಾಂಚಿ. ತಯಾರಿಯಿಲ್ಲದೆ ಬಂದ ಪಾಪದವರು ಐದಕ್ಕೆ ಐದೂ ಸೋತರು. ಕೋಲ್ಕತ್ತಾದಲ್ಲಿ ರೋಹಿತ್ ಶರ್ಮಾ 264 ಹೊಡೆದದ್ದು ಆ ಸರಣಿಯಲ್ಲೇ. ಏಕದಿನ ಕ್ರಿಕೆಟ್ಟಿನ ಅತಿ ದೊಡ್ಡ ಸ್ಕೋರು, ರದ್ದಾದ ಟೂರಿನ ಬದಲಿ ಟೂರಿನಲ್ಲಿ ಬಂತು. ಹೋದ ಗೊನೆ ಐದು, ಬಂದ ಗೊನೆ ಐದು.

ಬೋರ್ಡಿನ ಕಡೆ ವಕೀಲರು ಬೇರೆ ಲೆಕ್ಕ ಹೇಳಬಹುದು. ಟೆಸ್ಟಿಗೆ ಐದೈದು ದಿನ ಹಿಡಿದರೆ ಹೋದದ್ದು 17 ದಿನ, ಬಂದದ್ದು 5 ದಿನ. ಜಾಹೀರಾತು ಮಾರೋದು ದಿನದ ಲೆಕ್ಕದಲ್ಲಿ. ಸರಿ, ಒಪ್ಪೋಣ. ಶ್ರೀಲಂಕಾ ಸರಣಿಯಿಂದ ಬಂದದ್ದೇನು, ಅದರಲ್ಲಿ ಎಷ್ಟು ವಜಾ ಮಾಡಬೇಕು ಅನ್ನೋದು ಒಂದು ದೊಡ್ಡ ವಾದವೇ ಆಗಬಹುದಿತ್ತು. ಆ ವಾದ ಯಾವ ಕಟಕಟೆಯಲ್ಲೂ ನಡೀಲಿಲ್ಲ. ನನಗೆ ಚುಚ್ಚೋದು ಈ 17ರ ಲೆಕ್ಕವೂ ಅಲ್ಲ. ಕಟಕ್, ಅಹಮದಾಬಾದ್, ಹೈದರಾಬಾದ್, ಕೋಲ್ಕತ್ತಾ, ಈ ನಾಲ್ಕೂ ಊರು ವೆಸ್ಟ್ ಇಂಡೀಸಿನಿಂದ ಪಂದ್ಯ ಕಳಕೊಂಡವು, ಶ್ರೀಲಂಕಾದಿಂದ ಒಂದೊಂದು ಪಡಕೊಂಡವು. ಪಟ್ಟಿಯಲ್ಲೇ ಇಲ್ಲದ ರಾಂಚಿಗೂ ಒಂದು ಸಿಕ್ಕಿತು. ಕಳಕೊಂಡು ಏನೂ ಸಿಗದ ಊರು ಒಂದೇ, ಬೆಂಗಳೂರು.

ನಾನು ಬಿ.ಇ. ಓದುವಾಗ ಚಿತ್ರದುರ್ಗದಲ್ಲಿ ಚಂದ್ರವಳ್ಳಿ ಕಡೆಯ ಒಂದು ಬಯಲಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೀತಿತ್ತು. ಎಂಟ್ರಿ ಫೀ 501 ರೂಪಾಯಿ. ಶಾಮಿಯಾನ, ಮೈಕು, ಕಪ್ಪು. ಒಂದು ವರ್ಷ ಸೆಮಿಫೈನಲಿನಲ್ಲಿ ಹಿರಿಯೂರು ಕಡೆಯಿಂದ ಬಂದಿದ್ದ ಟೀಮು, ಎಲ್‌ಬಿಡಬ್ಲ್ಯೂ ವಿಷಯಕ್ಕೆ ಜಗಳ ತೆಗೆದು (ಟೆನಿಸ್ ಬಾಲಿನಲ್ಲಿ ಎಲ್‌ಬಿಡಬ್ಲ್ಯೂ ಇಟ್ಟಿದ್ದೇ ತಪ್ಪು, ಅದು ಬೇರೆ) ಟೆಂಪೋ ಹತ್ತಿ ಹೊರಟುಹೋಯ್ತು. ಮಾರನೇ ದಿನ ದೊಡ್ಡ ಪಂಚಾಯ್ತಿ. ಕಮಿಟಿಯವರು ಮೈಕಿನ ಬಾಡಿಗೆ ಕೊಡಿ ಅಂದರು. ಅವರು ನಮ್ಮ ಎಂಟ್ರಿ ಫೀ ವಾಪಸ್ ಕೊಡಿ ಅಂದರು. ಹಿರಿಯರೊಬ್ಬರು ನಡುವೆ ಕೂತು, ಇವರು ಅದು ಬಿಡಲಿ, ಅವರು ಇದು ಬಿಡಲಿ, ಮುಂದಿನ ವರ್ಷ ಫೀ ಇಲ್ಲದೆ ಬಂದು ಆಡಲಿ ಅಂತ ಹೇಳಿ ಕೈ ಕುಲುಕಿಸಿದರು. ಎಲ್ಲ ಎದ್ದರು. ಆಗ ಮೂಲೆಯಲ್ಲಿ ನಿಂತಿದ್ದ ಮಂಡಕ್ಕಿ ಮೆಣಸಿನಕಾಯಿ ಗಾಡಿಯವನು ಮುಂದೆ ಬಂದು, "ಸೋಮಿ, ಫೈನಲ್ಲಿಗೆ ಅಂತ ಎರಡು ಬಕೆಟ್ ಹಿಟ್ಟು ಕಲಸಿದ್ದೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ಅವನ ಕರಾರು ಯಾರ ಜೊತೆಗೂ ಇರಲಿಲ್ಲ. ಹಾಗಾಗಿ ಅವನ ನಷ್ಟಕ್ಕೆ ಹೆಸರೂ ಇರಲಿಲ್ಲ.

ಬಿಸಿಸಿಐ ಮತ್ತು ವೆಸ್ಟ್ ಇಂಡೀಸ್ ವ್ಯಾಜ್ಯವೂ ಇದೇ ತರ ಮುಗೀತು. ಎರಡು ವರ್ಷ ಬಿಗುವಾಗಿದ್ದು, ಆಮೇಲೆ ಮಾತುಕತೆಯಾಗಿ, ಮುಂದಿನ ಟೂರುಗಳಲ್ಲಿ ಹೊಂದಿಸಿಕೊಂಡರು. 2016ರ ಜುಲೈನಲ್ಲಿ ಭಾರತ ಅಲ್ಲಿಗೆ ಹೋಗಿ ನಾಲ್ಕು ಟೆಸ್ಟ್ ಆಡಿತು, ಅಮೆರಿಕದ ಫ್ಲಾರಿಡಾದಲ್ಲಿ ಎರಡು ಟಿ-20 ಆಡಿತು. 2017ರಲ್ಲಿ ಮತ್ತೆ ಹೋಗಿ ಐದು ಏಕದಿನ. ಮೊದಲ ಟೆಸ್ಟ್ ಆಂಟಿಗಾದಲ್ಲಿ, ಸರ್ ವಿವಿಯನ್ ರಿಚರ್ಡ್ಸ್ ಸ್ಟೇಡಿಯಮ್ಮಿನಲ್ಲಿ. ನಮ್ಮ ಅನಿಲ್ ಕುಂಬ್ಳೆ ಕೋಚ್ ಆದ ಮೇಲಿನ ಮೊದಲ ಸರಣಿ. ಚಿಕ್ಕಪ್ಪನಿಗೆ ಹೇಳಿದರೆ, "ನೋಡ್ದಾ, ಬೆಂಗಳೂರಾಗೆ ಔಟಾದೋನ ಹೆಸರಿಗೆ ಸ್ಟೇಡಿಯಂ ಕಟ್ಟವ್ರೆ" ಅಂತ ಖುಷಿಪಟ್ಟರು.

ಬೋರ್ಡುಗಳು ರಾಜಿಯಾದದ್ದು ತಪ್ಪು ಅಂತ ನಾನು ಹೇಳ್ತಿಲ್ಲ. 250 ಕೋಟಿ ವಸೂಲಿಗೆ ಕೂತಿದ್ದರೆ ವೆಸ್ಟ್ ಇಂಡೀಸ್ ಕ್ರಿಕೆಟ್ಟೇ ಮುಳುಗುತ್ತಿತ್ತು, ಆಮೇಲೆ ಯಾರ ಜೊತೆ ಆಡೋದು? ಹಳ್ಳಿಯಲ್ಲಿ ಖೇಣಿ ಕೆಟ್ಟಾಗಲೂ ಮುಂದಿನ ವರ್ಷದ ಫಸಲಿಗೆ ವಜಾ ಹಾಕಿಕೊಳ್ತಾರೆ. ನನ್ನ ತಕರಾರು ಒಂದೇ. ಈ ವಜಾ ಅನ್ನೋದು ಖೇಣಿದಾರ ಮತ್ತು ಮಾಲೀಕನ ನಡುವಿನದು. ಸುಲಿಯೋಕೆ ಅಂತ ಬಂದು ಕೆಲಸವಿಲ್ಲದೆ ವಾಪಸ್ ಹೋದ ಹೆಂಗಸರ ಆ ವಾರದ ಕೂಲಿ ಯಾವ ವರ್ಷದ ಫಸಲಿಗೂ ವಜಾ ಆಗಲ್ಲ.

ಆಟಗಾರರ ಕಥೆಯೂ ಹಾಗೇ ಆಯ್ತು. ಬೋರ್ಡುಗಳು ಕೂಡಿಕೊಂಡವು, ಎದ್ದು ನಿಂತವರು ಹೊರಗುಳಿದರು. ಬ್ರಾವೊ ಮತ್ತು ಕೀರನ್ ಪೊಲಾರ್ಡ್ 2015ರ ವಿಶ್ವಕಪ್ ಟೀಮಿನಲ್ಲಿ ಇರಲಿಲ್ಲ. 23 ವರ್ಷದ ಜೇಸನ್ ಹೋಲ್ಡರ್ ಕೈಗೆ ನಾಯಕತ್ವ ಕೊಟ್ಟರು. ಆಗ ಆಯ್ಕೆ ಸಮಿತಿಗೆ ಮುಖ್ಯಸ್ಥರು ಯಾರು ಗೊತ್ತಾ? ಅದೇ 163ರ ಕ್ಲೈವ್ ಲಾಯ್ಡ್. ಬ್ರಾವೊ 2018ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ ಹೇಳಿದ.

ಈಗ ಪಾಕಿಸ್ತಾನದ ಕೇಸಿಗೆ ಬರೋಣ. 2014ರ ಏಪ್ರಿಲಿನಲ್ಲಿ ಬಿಸಿಸಿಐ ಕಾರ್ಯದರ್ಶಿ, ಇದೇ ಸಂಜಯ್ ಪಟೇಲ್, ಪಾಕಿಸ್ತಾನದ ಬೋರ್ಡಿಗೆ ಒಂದು ಪತ್ರ ಬರೆದಿದ್ದರು. 2015ರಿಂದ 2023ರ ಒಳಗೆ ಆರು ಸರಣಿ ಆಡುವ ಮಾತು ಅದರಲ್ಲಿತ್ತು. ಒಂದೂ ಆಡಲಿಲ್ಲ. ಪಾಕಿಸ್ತಾನ ಸುಮಾರು 447 ಕೋಟಿ ರೂಪಾಯಿ ಪರಿಹಾರ ಕೇಳಿತು. 2018ರ ಅಕ್ಟೋಬರ್ ಮೊದಲ ವಾರದಲ್ಲಿ ದುಬೈಯಲ್ಲಿ ಮೂರು ದಿನ ವಿಚಾರಣೆ, ಮೈಕೆಲ್ ಬೆಲಾಫ್ ನೇತೃತ್ವದ ಮೂವರ ಮುಂದೆ. ಮಾಜಿ ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್ ಬಿಸಿಸಿಐ ಪರ ಸಾಕ್ಷಿ ಹೇಳಿದರು. ಬಿಸಿಸಿಐ ವಾದ: ಅದು ಕರಾರಲ್ಲ, ಆಡುವ ಇರಾದೆ ಇದೆ ಅಂತ ಬರೆದ ಕಾಗದ ಅಷ್ಟೇ, ಅದೂ ಅಲ್ಲದೆ ಸರ್ಕಾರದ ಅನುಮತಿ ಇಲ್ಲದೆ ನಾವು ಆಡೋ ಹಾಗಿಲ್ಲ. ಪಂಚರು ಒಪ್ಪಿದರು. ಆ ಪತ್ರದಲ್ಲಿ ನೈತಿಕ ಹೊಣೆ ಇರಬಹುದು, ಕಾನೂನಿನ ಹೊಣೆ ಇಲ್ಲ ಅಂದರು.

ಎರಡೂ ಕೇಸು ಒಂದೇ ಅಂತ ಹೇಳಿದರೆ ಅನ್ಯಾಯ ಆಗುತ್ತೆ. ಒಂದರಲ್ಲಿ ಟೀಮು ಬಂದು ಆಡ್ತಾ ಆಡ್ತಾ ಅರ್ಧಕ್ಕೆ ಎದ್ದು ಹೋಯ್ತು. ಇನ್ನೊಂದರಲ್ಲಿ ಟೂರು ಶುರುವೇ ಆಗಲಿಲ್ಲ, ನಡುವೆ ಗಡಿ ಇದೆ, ಸರ್ಕಾರ ಇದೆ, ಸತ್ತವರಿದ್ದಾರೆ. ತೀರ್ಪು ಸರಿಯಾಗೇ ಇದೆ ಅಂತ ನನಗೂ ಅನ್ನಿಸುತ್ತೆ. ಆದರೂ ಒಂದೇ ಕಾರ್ಯದರ್ಶಿ, ಒಂದೇ ವರ್ಷ, ಆರು ತಿಂಗಳ ಅಂತರದಲ್ಲಿ ಬರೆದ ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ. ಒಂದರಲ್ಲಿ ಆಡ್ತೀವಿ ಅನ್ನೋ ಮಾತಿದೆ, ಅದಕ್ಕೆ ಬೆಲೆ ಸೊನ್ನೆ. ಇನ್ನೊಂದರಲ್ಲಿ ನೀವು ಆಡಲಿಲ್ಲ ಅನ್ನೋ ಮಾತಿದೆ, ಅದರ ಬೆಲೆ 250 ಕೋಟಿ. ನಾವು ಕೊಟ್ಟ ಮಾತು ಇರಾದೆ, ನಮಗೆ ಕೊಟ್ಟ ಮಾತು ಕರಾರು. ಸರ್ವಿಸ್ ಅಗ್ರಿಮೆಂಟ್ ಬರೆಯೋ ಲೀಗಲ್ ಟೀಮಿನವರು ಇದನ್ನು ನೋಡಿ ಚಪ್ಪಾಳೆ ತಟ್ಟಬಹುದು. ನಾನು ತಟ್ಟಲ್ಲ. ಸಹಿ ಹಾಕಿ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟದ್ದಕ್ಕೇ ನೈತಿಕ ಹೊಣೆ ಮಾತ್ರ ಅಂದಮೇಲೆ, ವೇಳಾಪಟ್ಟಿ ನಂಬಿ ತೋಟ ಖೇಣಿ ಕೊಟ್ಟ ನಮ್ಮ ಚಿಕ್ಕಪ್ಪನ ಕಡೆಗೆ ಇವರಿಗೆ ಇರೋದು ಯಾವ ಹೊಣೆ?

ಕಾನೂನಿನ ಪ್ರಕಾರ ಏನೂ ಇಲ್ಲ. ನನ್ನ ಹತ್ರ ಆವತ್ತು ಟಿಕೆಟ್ ಕೂಡ ಇರಲಿಲ್ಲ, ಮೂರು ವಾರ ಮುಂಚೆ ಎಲ್ಲಿಂದ ಬರಬೇಕು. ಮ್ಯಾನೇಜರ್ ಕಾಲು ಹಿಡಿದು ಹಾಕಿಸಿಕೊಂಡ ರಜೆ ಇತ್ತು. ಚಿಕ್ಕಪ್ಪನಿಗೆ ಕೊಡಿಸಿದ ಒಂದು ಬೈನಾಕ್ಯುಲರ್ ಇತ್ತು. ನೋಡೋ ಜನ ನೋಡ್ತಾರೆ ಅಂತ ತಾನೆ ಸ್ಟಾರ್ ಪಂದ್ಯಕ್ಕೆ 40 ಕೋಟಿ ಕೊಟ್ಟಿದ್ದು? ನಮ್ಮ ಕಣ್ಣನ್ನು ಮಾರಿ ಬಂದ ದುಡ್ಡಿಗೆ ಕ್ಲೇಮು ಇದೆ, ಕಣ್ಣಿಗಿಲ್ಲ. ಪರಿಹಾರ ಕೊಡಿ ಅಂತ ಕೇಳೋಕೆ ಆಗಲ್ಲ, ಸರಿ. ರಾಜಿ ಮಾಡಿಕೊಳ್ಳುವಾಗ ಒಂದು ಸಾಲು ಸೇರಿಸಬಹುದಿತ್ತು: ಮುಂದಿನ ಸಲ ಬಂದಾಗ, ಪಂದ್ಯ ಕಳಕೊಂಡ ಊರುಗಳಿಗೆ ಮೊದಲ ಪಾಳಿ. ಇದಕ್ಕೆ ಖರ್ಚಿಲ್ಲ, ವಕೀಲರು ಬೇಕಿಲ್ಲ. 2018ರ ಅಕ್ಟೋಬರಿನಲ್ಲಿ ವೆಸ್ಟ್ ಇಂಡೀಸ್ ಬಂತಲ್ಲ, ಎರಡು ಟೆಸ್ಟ್, ಐದು ಏಕದಿನ, ಮೂರು ಟಿ-20. ಟೆಸ್ಟ್ ಕೊಟ್ಟದ್ದು ರಾಜ್‌ಕೋಟ್ ಮತ್ತು ಹೈದರಾಬಾದಿಗೆ. ಹತ್ತರಲ್ಲಿ ಒಂದೂ ಬೆಂಗಳೂರಿಗಿಲ್ಲ.

ಬೆಂಗಳೂರಿಗೆ ನಡುವೆ ಟೆಸ್ಟೇ ಬರಲಿಲ್ಲ ಅಂತೇನಲ್ಲ. 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಬಂತು, ಎ.ಬಿ. ಡಿವಿಲಿಯರ್ಸ್‌ನ ನೂರನೇ ಟೆಸ್ಟ್. ಹೋದ ವರ್ಷದ ಬದಲಿಗೆ ಇದು ಅಂತ ಚಿಕ್ಕಪ್ಪನನ್ನು ಒಪ್ಪಿಸಿದೆ. ಶನಿವಾರ ಮೊದಲ ದಿನ ಖೇಣಿದಾರನ ಲೆಕ್ಕ ಮುಗಿಸಿ, ರಾತ್ರಿ ಬಸ್ಸಿಗೆ ಹತ್ತಿ ಭಾನುವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದರು. ಶನಿವಾರ ಪೂರ್ತಿ ಆಟ ನಡೆದಿತ್ತು. ಭಾನುವಾರದಿಂದ ಮಳೆ. ಎರಡು, ಮೂರು, ನಾಲ್ಕು, ಐದು, ನಾಲ್ಕೂ ದಿನ ಒಂದು ಚೆಂಡೂ ಬೀಳಲಿಲ್ಲ. ಅವರು ಸ್ಟ್ಯಾಂಡಿನಲ್ಲಿ ಕೂತು, ಬೈನಾಕ್ಯುಲರ್ ಹಾಕಿಕೊಂಡು, ಮೈದಾನದ ಮೇಲೆ ಹೊದಿಸಿದ್ದ ಟಾರ್ಪಾಲಿನ ಮೇಲೆ ನೀರು ನಿಂತದ್ದನ್ನು ಅರ್ಧ ಗಂಟೆ ನೋಡಿದರು. "ಈ ಮಳೆ ನಮ್ಮೂರಿಗಾದ್ರೂ ಬರಬಾರ್ದಿತ್ತಾ" ಅಂದರು. ಮಳೆ ಮೇಲೆ ನಮಗೆ ಸಿಟ್ಟಿರಲಿಲ್ಲ. ಮಳೆ ಯಾರ ಹತ್ರಾನೂ ದುಡ್ಡು ಕೇಳಲಿಲ್ಲವಲ್ಲ.

2017ರಲ್ಲಿ ಆಸ್ಟ್ರೇಲಿಯಾ ಬಂದಾಗ ಮಂಡಿನೋವು ಅಂದರು. 2018ರ ಜೂನಿನಲ್ಲಿ ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡೋಕೆ ಬೆಂಗಳೂರಿಗೆ ಬಂದಾಗ ಟಿಕೆಟ್ ತೆಗೆದೆ, ಮೂರನೇ ದಿನಕ್ಕೆ. ಎರಡೇ ದಿನದಲ್ಲಿ ಮುಗೀತು. ಅದು ನನ್ನ ತಪ್ಪು, ಯಾರ ಮೇಲೂ ಹಾಕಲ್ಲ.

ಅಕ್ಟೋಬರಿನಲ್ಲಿ ಹೈದರಾಬಾದ್ ಟೆಸ್ಟಿಗೆ ಕರ್ಕೊಂಡು ಹೋಗ್ತೀನಿ ಬನ್ನಿ ಚಿಕ್ಕಪ್ಪ, ರೈಲಿನಲ್ಲಿ ಮಲಗಿಕೊಂಡು ಹೋಗಬಹುದು ಅಂದೆ. "ಅಷ್ಟು ದೂರ ಯಾಕೋ. ಬೆಂಗಳೂರಿಗೆ ಬರಲ್ವಂತಾ ಅವರು?" ಇಲ್ಲ ಚಿಕ್ಕಪ್ಪ. "ಅವತ್ತು ಬಿಟ್ಟು ಹೋದ್ರಲ್ಲ, ಅದರದ್ದು ಇನ್ನೂ ಬಾಕಿ ಇಲ್ವೇನೋ?" ಬೋರ್ಡಿನವರು ಸರಿ ಮಾಡ್ಕೊಂಡ್ರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ್ ಜೊತೆ?" ಅಂತ ಕೇಳಿದರು. ಆ ವರ್ಷ ತೋಟ ಖೇಣಿ ಕೊಟ್ಟಿರಲಿಲ್ಲ. ಹಿಂದಿನಿಂದ ಅಡಿಕೆ ಸುಲಿಯೋ ಸದ್ದು, ಹೆಂಗಸರ ಮಾತು ಕೇಳ್ತಾ ಇತ್ತು.